ಹೆಸರು ಕತ್ತರಿಸಿದರು, ಊರು ಸೇರಿಸಿದರು

ಐದು ನದಿಗಳು ಒಟ್ಟಾಗಿ ಕಡಲು ಸೇರುವ ಊರು ನಮ್ಮ ಗಂಗೊಳ್ಳಿ. ಅಲ್ಲಿಂದ ಬೆಂಗಳೂರಿಗೆ ಬಂದು ಮೊದಲ ಸಲ ಕ್ಯಾಮೆರಾ ಮುಂದೆ ಕೂತಾಗ ನನಗೆ ಸಿಕ್ಕ ಸಲಹೆ ಏನು ಗೊತ್ತಾ? 'ಮೊದಲು ಆ ಊರಿನ ರಾಗ ಬಿಡು.' ಬಿಟ್ಟೆ. ಹೊಟ್ಟೆಪಾಡು ನೋಡಿ. ಇವತ್ತು ನೀವು ಕೇಳುವ ನನ್ನ ಕನ್ನಡದಲ್ಲಿ ಗಂಗೊಳ್ಳಿ ಎಲ್ಲೂ ಇಲ್ಲ. ಊರಿಂದ ಫೋನ್ ಬಂದಾಗ ಮಾತ್ರ 'ಹ್ವಾಯ್, ಎಂತ ಮಾಡ್ತ್ರಿ' ಅಂತ ಶುರುವಾಗುತ್ತೆ.

ಇದು ನನ್ನೊಬ್ಬನ ಕಥೆಯಲ್ಲ. 1958ರಲ್ಲಿ ಅಮೆರಿಕದಲ್ಲಿ ಮೆಕ್ಸಿಕನ್ ಮೂಲದ ಒಬ್ಬ ಹುಡುಗ 'ಲಾ ಬಾಂಬಾ' ಎಂಬ ಜನಪದ ಹಾಡನ್ನು ರಾಕ್ ಶೈಲಿಯಲ್ಲಿ ಹಾಡಿದ. ಅವನ ಹೆಸರು ರಿಚರ್ಡ್ ವೇಲೆನ್ಸುವೆಲಾ. ರೆಕಾರ್ಡ್ ಮಾಡಿಸಿದವರು ಆ ಹೆಸರನ್ನು ಕತ್ತರಿಸಿ ರಿಚಿ ವೇಲೆನ್ಸ್ ಮಾಡಿದರು. ಯಾಕೆ? ಬಿಳಿಯರ ರೇಡಿಯೊದಲ್ಲಿ ಸಲೀಸಾಗಿ ಓಡಲಿ ಅಂತ. ಇನ್ನೊಂದು ವಿಷಯ ಕೇಳಿ. ಹಾಡು ಸ್ಪ್ಯಾನಿಶ್‌ನಲ್ಲಿತ್ತು, ಆದರೆ ಹುಡುಗನಿಗೆ ಸ್ಪ್ಯಾನಿಶ್ ಸರಿಯಾಗಿ ಬರುತ್ತಿರಲಿಲ್ಲ! 1959ರ ಫೆಬ್ರವರಿಯಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡಾಗ ಅವನಿಗೆ ಬರೀ 17 ವರ್ಷ.

ಆಮೇಲೆ ಬಂದವರು ತಾಳ ಇಟ್ಟುಕೊಂಡರು, ಮಾತು ಬಿಟ್ಟರು. 1985ರಲ್ಲಿ ಗ್ಲೋರಿಯಾ ಎಸ್ತೆಫಾನ್ ತಂಡದ 'ಕೊಂಗಾ' ಬಂತು. ಕ್ಯೂಬಾದ ತಾಳ, ಇಂಗ್ಲಿಷ್ ಸಾಲು. 1999ರಲ್ಲಿ ರಿಕಿ ಮಾರ್ಟಿನ್ ಗೆದ್ದದ್ದೂ ಇಂಗ್ಲಿಷ್‌ನಲ್ಲೇ. 2017ಕ್ಕೆ ಕಥೆ ತಿರುಗಿತು. 'ದೆಸ್ಪಾಸಿತೊ' 16 ವಾರ ಅಮೆರಿಕದ ನಂಬರ್ ಒನ್ ಆಯಿತು. ಜಸ್ಟಿನ್ ಬೀಬರ್ ತಾನೇ ಬಂದು ಸ್ಪ್ಯಾನಿಶ್ ಪದ ಹಾಡಿದ!

ಈಗ ನಮ್ಮ ಕರಾವಳಿಗೆ ಬನ್ನಿ. ಸುಗಮ ಸಂಗೀತವನ್ನು ಮನೆಮನೆಗೆ ಮುಟ್ಟಿಸಿದ ಪಿ. ಕಾಳಿಂಗರಾಯರು 1914ರಲ್ಲಿ ಹುಟ್ಟಿದ್ದು ಈಗಿನ ಬ್ರಹ್ಮಾವರ ತಾಲ್ಲೂಕಿನ ಆರೂರಿನಲ್ಲಿ. ಯಕ್ಷಗಾನದ ಮನೆತನ. ಕುವೆಂಪು, ಬೇಂದ್ರೆಯವರ ಕವಿತೆಗಳು ಅವರ ಕಂಠದಲ್ಲಿ ಇಡೀ ನಾಡಿಗೆ ಹೋದವು. ಆ ಕಂಠ ಕರಾವಳಿಯದು. ಹಾಡಿನ ಕನ್ನಡ ಮಾತ್ರ ಎಲ್ಲರದ್ದು.

ನೂರು ವರ್ಷದ ನಂತರ, ಅಂದರೆ 2014ರಲ್ಲಿ, 'ಉಗ್ರಂ' ಬಂತು. ಸಂಗೀತ ರವಿ ಬಸ್ರೂರು. ಹುಟ್ಟುಹೆಸರು ಕಿರಣ್. ಕಷ್ಟದಲ್ಲಿ ಕೈಹಿಡಿದವರ ಹೆಸರನ್ನೇ ತಮ್ಮ ಹೆಸರು ಮಾಡಿಕೊಂಡರು, ಪಕ್ಕಕ್ಕೆ ಊರನ್ನೂ ಸೇರಿಸಿಕೊಂಡರು. ಬಸ್ರೂರು ಅಂದರೆ ಸಣ್ಣ ಊರೇನಲ್ಲ. ವಾರಾಹಿ ದಡದ ಹಳೇ ಬಂದರು, 1665ರಲ್ಲಿ ಶಿವಾಜಿ ಹಡಗಿನಲ್ಲಿ ಬಂದು ದಾಳಿ ಮಾಡಿದ ಊರು. ವೇಲೆನ್ಸ್ ಹೆಸರು ಕತ್ತರಿಸಿದ್ದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ, ನೋಡಿ! 2018ರಲ್ಲಿ 'ಕೆಜಿಎಫ್' ಐದು ಭಾಷೆಗಳಲ್ಲಿ ಬಂದಾಗ ಆ ಊರಿನ ಹೆಸರು ದೇಶದ ತೆರೆ ಮೇಲೆ ಮೂಡಿತು.

ಆದರೆ ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ದೇಶ ಕೇಳಿದ್ದು ಬಸ್ರೂರಿನ ನಗಾರಿಯನ್ನು, ಭಾಷೆಯನ್ನಲ್ಲ. ಹಾಡು ಹಿಂದಿಯಾಯಿತು, ತೆಲುಗಾಯಿತು. 'ಗರ್ಗರ್ ಮಂಡ್ಲ', 'ಬಿಲಿಂಡರ್' ಅಂತ ಕುಂದಾಪ್ರ ಕನ್ನಡದಲ್ಲೇ ಇದೇ ರವಿ ಸಿನಿಮಾ ಮಾಡಿದ್ದರಲ್ಲ, ದೇಶದಲ್ಲಿ ಅದನ್ನು ನೋಡಿದವರೆಷ್ಟು? 2022ರ 'ಕಾಂತಾರ' ನಮ್ಮ ಮಾತಿಗೆ ಬೆಂಗಳೂರಿನ ಥಿಯೇಟರಿನಲ್ಲಿ ಚಪ್ಪಾಳೆ ಕೊಡಿಸಿತು, ನಿಜ. ಆದರೆ ಸ್ಪ್ಯಾನಿಶ್ ಬೆನ್ನಿಗೆ ಹತ್ತಾರು ಕೋಟಿ ಜನರಿದ್ದಾರೆ, ಇಪ್ಪತ್ತು ದೇಶಗಳಿವೆ. ಕುಂದಾಪ್ರ ಕನ್ನಡದ ಬೆನ್ನಿಗೆ ಯಾರಿದ್ದಾರೆ? ಮೂರು ತಾಲ್ಲೂಕು, ಬೆಂಗಳೂರು–ಮುಂಬೈಯ ಹೋಟೆಲುಗಳಲ್ಲಿ ದುಡಿದ ನಮ್ಮವರು, ಅಷ್ಟೇ.

ಹಾಗಾಗಿ ನಮ್ಮ ಮಾತು ಉಳಿಯುವುದು ಹಿಟ್ ಹಾಡಿನಿಂದಲ್ಲ, ಮನೆಯಿಂದ. ಇದನ್ನು ಹೇಳಲು ನನಗೆ ಹಕ್ಕಿದೆಯಾ? ನನ್ನ ಮಗಳಿಗೆ ಕುಂದಾಪ್ರ ಕನ್ನಡ ಅರ್ಥವಾಗುತ್ತೆ, ಮಾತಾಡಲು ಬರುವುದಿಲ್ಲ. ವೇಲೆನ್ಸ್ ಕಥೆ ಓದುವಾಗ ನನಗೆ ನೆನಪಾದದ್ದು ಅವಳೇ. ತಪ್ಪು ಅವಳದ್ದಲ್ಲ, ರಾಗ ಬಿಟ್ಟವನು ನಾನು.