ತಲೆಮರೆಸಿಕೊಂಡ ಆರೋಪಿ, ಮೂರು ಬಾರಿಯ ಮುಖ್ಯಮಂತ್ರಿ



ಕಮ್ಯುನಿಸ್ಟ್ ಆಡಳಿತಗಾರರೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಮಾಸ್ಕೋ, ಪ್ರಾಗ್, ವಾರ್ಸಾಗಳ ಚಿತ್ರ. ಆದರೆ ಅಂತಹ ಒಬ್ಬ ಆಡಳಿತಗಾರರ ಜೀವನದ ಒಂದು ಮುಖ್ಯ ಅಧ್ಯಾಯ ನಮ್ಮ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿಯೇ ನಡೆಯಿತೆಂಬ ಸಂಗತಿ ಅನೇಕರಿಗೆ ತಿಳಿದಿಲ್ಲ. ಅವರೇ ಕೇರಳದ ಮುಖ್ಯಮಂತ್ರಿಗಳಾಗಿದ್ದ ಇ.ಕೆ. ನಾಯನಾರ್. ಅವರ ವೃತ್ತಾಂತವನ್ನು ಇಂದು ಸಂಕ್ಷೇಪವಾಗಿ ನಿಮ್ಮ ಮುಂದಿಡುತ್ತಿದ್ದೇನೆ.

ನಾಯನಾರರು 1919ರ ಡಿಸೆಂಬರ್ 9ರಂದು ಕಣ್ಣೂರಿನ ಸಮೀಪದ ಕಲ್ಯಾಶ್ಶೇರಿಯಲ್ಲಿ ಜನಿಸಿದರು. 1940ರಲ್ಲಿ ಕಣ್ಣೂರಿನ ಆರೋನ್ ಗಿರಣಿಯ ಕಾರ್ಮಿಕರ ಮುಷ್ಕರದಲ್ಲಿ ಪಾಲ್ಗೊಂಡು ಸೆರೆಮನೆ ಸೇರಿದರು. ಬಿಡುಗಡೆಯಾದ ಬಳಿಕ ಕಯ್ಯೂರಿನ ರೈತ ಹೋರಾಟ ಅವರನ್ನು ಸೆಳೆಯಿತು. ತೇಜಸ್ವಿನಿ ನದಿಯ ದಡದ ಈ ಹಳ್ಳಿ ಆಗ ಕಾಸರಗೋಡು ತಾಲ್ಲೂಕಿಗೆ, ಅಂದರೆ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಜಮೀನ್ದಾರರ ಶೋಷಣೆ ಮತ್ತು ಪೊಲೀಸರ ದೌರ್ಜನ್ಯಗಳ ವಿರುದ್ಧ 1941ರ ಮಾರ್ಚ್ 28ರಂದು ಅಲ್ಲಿಯ ರೈತರು ಮೆರವಣಿಗೆ ಹೊರಟರು. ದಾರಿಯಲ್ಲಿ ಸಿಕ್ಕಿದ ಸುಬ್ಬರಾಯನ್ ಎಂಬ ಪೊಲೀಸ್ ಪೇದೆ ಗುಂಪಿನಿಂದ ತಪ್ಪಿಸಿಕೊಳ್ಳಲು ನದಿಗೆ ಹಾರಿದನು. ಗುಂಪು ಕಲ್ಲು ತೂರಿತು. ಅವನು ನೀರಿನಲ್ಲಿ ಮುಳುಗಿ ಸತ್ತನು.

60ಕ್ಕೂ ಹೆಚ್ಚು ಮಂದಿಯ ಮೇಲೆ ಮೊಕದ್ದಮೆ ಹೂಡಲಾಯಿತು. ವಿಚಾರಣೆ ನಡೆದದ್ದು ಜಿಲ್ಲಾ ಕೇಂದ್ರವಾದ ಮಂಗಳೂರಿನಲ್ಲಿ. ಮಠತ್ತಿಲ್ ಅಪ್ಪು, ಚಿರುಕಂಡನ್, ಕುಂಞಂಬು ನಾಯರ್, ಅಬೂಬಕ್ಕರ್ ಎಂಬ ನಾಲ್ವರು ತರುಣರನ್ನು 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಮರಣದಂಡನೆಗೆ ಗುರಿಯಾಗಿದ್ದ ಐದನೆಯವನು ಇನ್ನೂ ಬಾಲಕನಾದ್ದರಿಂದ ಅವನ ಜೀವ ಉಳಿಯಿತು. ಆರೋಪಿಗಳ ಪಟ್ಟಿಯಲ್ಲಿ ನಾಯನಾರರ ಹೆಸರೂ ಇತ್ತು. ಅವರು ಪೊಲೀಸರ ಕೈಗೆ ಸಿಗದೆ ಹಲವು ವರ್ಷ ಭೂಗತರಾಗಿಯೇ ಕಳೆದರು. ಸಿಕ್ಕಿದ್ದರೆ ಅವರ ಗತಿ ಏನಾಗುತ್ತಿತ್ತೆಂದು ಹೇಳಬೇಕಾಗಿಲ್ಲ.

ಈ ಘಟನೆಯನ್ನು ಕನ್ನಡಿಗರ ಮನೆಮನೆಗೆ ತಲುಪಿಸಿದವರು ನಿರಂಜನರು. ಕಯ್ಯೂರಿಗೆ ಹತ್ತಿರದ ನೀಲೇಶ್ವರದಲ್ಲಿ ಹೈಸ್ಕೂಲು ಓದಿದ ಅವರು 1955ರಲ್ಲಿ ‘ಚಿರಸ್ಮರಣೆ’ ಕಾದಂಬರಿಯನ್ನು ಪ್ರಕಟಿಸಿದರು. ನಮ್ಮ ಶಾಲೆಯ ಗ್ರಂಥಾಲಯದಲ್ಲಿ ನೀವು ಪುಟ ತಿರುವುತ್ತಿದ್ದ ‘ಜ್ಞಾನಗಂಗೋತ್ರಿ’ ಸಂಪುಟಗಳ ಪ್ರಧಾನ ಸಂಪಾದಕರೂ ಇದೇ ನಿರಂಜನರು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ನಾಯನಾರರು ಪಕ್ಷದಲ್ಲಿ ಮೇಲೇರುತ್ತ ಹೋಗಿ, 1964ರಲ್ಲಿ ಪಕ್ಷ ಒಡೆದಾಗ ಮಾರ್ಕ್ಸ್‌ವಾದಿ ಬಣದೊಂದಿಗೆ ನಡೆದರು. 1980ರ ಜನವರಿಯಲ್ಲಿ ಮೊದಲ ಬಾರಿಗೆ ಮುಖ್ಯಮಂತ್ರಿಯಾದರು. ಅದೇ ವರ್ಷ ಕೃಷಿ ಕಾರ್ಮಿಕರಿಗೆ ತಿಂಗಳಿಗೆ 45 ರೂಪಾಯಿಗಳ ಪಿಂಚಣಿ ಆರಂಭವಾಯಿತು. ಇಂದಿಗೆ ಅದು ಸಣ್ಣ ಮೊತ್ತವೆನಿಸಬಹುದು. ಆದರೆ ಅನ್ಯರ ಗದ್ದೆಯಲ್ಲಿ ಬೆನ್ನು ಬಾಗಿಸಿ ದುಡಿದ ಮುದುಕಿಯೊಬ್ಬಳಿಗೆ ಸರ್ಕಾರವೇ ಹಣ ಕೊಡುವುದೆಂದರೆ ಅದೊಂದು ಹೊಸ ಮಾತಾಗಿತ್ತು. ಮಿತ್ರಪಕ್ಷಗಳು ಬೆಂಬಲ ಹಿಂತೆಗೆದುಕೊಂಡಾಗ, 1981ರ ಅಕ್ಟೋಬರಿನಲ್ಲಿ ಸರ್ಕಾರ ಬಿತ್ತು. ನಾಯನಾರರು ಕುರ್ಚಿ ಬಿಟ್ಟು ವಿರೋಧ ಪಕ್ಷದ ಸಾಲಿಗೆ ಹೋದರು.

1987ರಲ್ಲಿ ಅವರು ಸ್ಪರ್ಧಿಸಿದ್ದು ಕಾಸರಗೋಡು ಜಿಲ್ಲೆಯ ತೃಕ್ಕರಿಪುರದಿಂದ. ಕಯ್ಯೂರು ಅದೇ ಕ್ಷೇತ್ರಕ್ಕೆ ಸೇರಿದ ಊರು. ಗೆಳೆಯರು ಗಲ್ಲಿಗೇರಿದ ಪ್ರಕರಣದಲ್ಲಿ ತಾವು ಆರೋಪಿಯಾಗಿದ್ದ ಆ ನೆಲದ ಪ್ರತಿನಿಧಿಯಾಗಿಯೇ ಎರಡನೆಯ ಸಲ ಮುಖ್ಯಮಂತ್ರಿಯಾದರು. ಶಿಕ್ಷಕನಾದ ನನಗೆ ಈ ಅವಧಿಯ ದೊಡ್ಡ ಸಾಧನೆಯಾಗಿ ಕಾಣುವುದು ಸಾಕ್ಷರತಾ ಆಂದೋಲನ. 1991ರ ಏಪ್ರಿಲ್ 18ರಂದು ಕೋಳಿಕ್ಕೋಡಿನಲ್ಲಿ, ಆಗತಾನೆ ಅಕ್ಷರ ಕಲಿತ ಚೇಲಕ್ಕೋಡನ್ ಆಯಿಷಾ ಎಂಬ ಮಹಿಳೆ ಕೇರಳವು ಸಂಪೂರ್ಣ ಸಾಕ್ಷರವಾಯಿತೆಂದು ಘೋಷಿಸಿದರು. ಕೆಲವೇ ವಾರಗಳ ಬಳಿಕ ನಡೆದ ಚುನಾವಣೆಯಲ್ಲಿ ಅವರ ರಂಗ ಸೋತಿತು!

1989ರ ಕೊನೆಯಲ್ಲಿ ರಾಜಾಜಿನಗರದಲ್ಲಿ ನಾನು ಸಮಾಜ ಪಾಠ ಮಾಡುತ್ತಿದ್ದಾಗ, ಪ್ರಾಗ್ ನಗರದ ಸುದ್ದಿ ದಿನವೂ ಪತ್ರಿಕೆಗಳಲ್ಲಿ ಬರುತ್ತಿತ್ತು. ಕಾರ್ಖಾನೆ ಕಾರ್ಮಿಕರೊಬ್ಬರ ಮಗ ಎದ್ದು ನಿಂತು, “ಸಾರ್, ಹಾಗಾದರೆ ಕೇರಳದ ಸರ್ಕಾರವೂ ಬೀಳುತ್ತದೆಯೇ?” ಎಂದು ಕೇಳಿದನು. “ಬೀಳಬಹುದು, ಆದರೆ ಅದನ್ನು ಬೀಳಿಸಲು ಯಾರೂ ಚಳಿಯಲ್ಲಿ ಬೀದಿಯಲ್ಲಿ ನಿಲ್ಲಬೇಕಾಗಿಲ್ಲ, ಮತಪೆಟ್ಟಿಗೆ ಇದೆ” ಎಂದು ಉತ್ತರಿಸಿದ್ದೆ.

ಈ ವ್ಯತ್ಯಾಸವನ್ನು ಮನಗಾಣಲು ಚೆಕೊಸ್ಲೊವಾಕಿಯಾದ ಆಂಟೋನಿನ್ ಜಾಪೊಟೊಟ್ಸ್ಕಿಯವರನ್ನು ನೋಡಬೇಕು. ಅವರು ಕಲ್ಲುಕುಟಿಗರಾಗಿ ದುಡಿದವರು. ಕಾರ್ಮಿಕ ಹೋರಾಟಕ್ಕಾಗಿ ಸೆರೆವಾಸ ಕಂಡವರು. ಮಹಾಯುದ್ಧ ಮುಗಿಯುವವರೆಗೆ ನಾಜಿಗಳ ಸಾಕ್ಸನ್‌ಹೌಸನ್ ಶಿಬಿರದಲ್ಲಿ ಬಂದಿಯಾಗಿದ್ದವರು. 1948ರಲ್ಲಿ ಪ್ರಧಾನಿಯಾದರು. ಆದರೆ ಅವರ ಕಾಲದಲ್ಲಿಯೇ, 1950ರ ಜೂನ್ 27ರಂದು, ಸಂಸತ್ ಸದಸ್ಯೆಯಾಗಿದ್ದ ಮಿಲಾಡಾ ಹೊರಾಕೋವಾ ಅವರನ್ನು ಗಲ್ಲಿಗೇರಿಸಲಾಯಿತು. ಆಕೆಯೂ ನಾಜಿಗಳ ಸೆರೆ ಕಂಡಿದ್ದವರೇ. 1953ರಲ್ಲಿ ರಾಷ್ಟ್ರಾಧ್ಯಕ್ಷರಾದ ಜಾಪೊಟೊಟ್ಸ್ಕಿಯವರು ನಾಣ್ಯ ಭದ್ರವಾಗಿದೆಯೆಂದು ಜನರಿಗೆ ಭರವಸೆ ಕೊಟ್ಟರು. ಅದರ ಬೆನ್ನಲ್ಲೇ ಹಳೆಯ ಹಣ ರದ್ದಾಗಿ ಬಡವರ ಉಳಿತಾಯ ಕರಗಿತು. ಪಿಲ್ಸನ್ನಿನ ಕಾರ್ಮಿಕರು ಬೀದಿಗಿಳಿದಾಗ ಅವರನ್ನು ಬಲಪ್ರಯೋಗದಿಂದ ಅಡಗಿಸಿದರು. 1957ರಲ್ಲಿ ತೀರಿಕೊಳ್ಳುವವರೆಗೂ ಅವರು ಪದವಿಯಲ್ಲಿಯೇ ಇದ್ದರು.

ನಾಯನಾರರ ಆಳ್ವಿಕೆಯೂ ಕಳಂಕರಹಿತವಲ್ಲ. ಮೂರನೆಯ ಅವಧಿಯಲ್ಲಿ (1996–2001) ಯೋಜನಾ ಹಣದ ಮೂರನೆಯ ಒಂದು ಭಾಗಕ್ಕೂ ಮಿಗಿಲಾದ ಪಾಲನ್ನು ಪಂಚಾಯಿತಿ, ನಗರಸಭೆಗಳಿಗೆ ವಹಿಸಿದ್ದು ಅವರ ಹಿರಿಮೆ. ಆದರೆ 1999ರ ಡಿಸೆಂಬರ್ 1ರಂದು, ಅವರ ತವರು ಜಿಲ್ಲೆಯ ಮೊಕೇರಿಯಲ್ಲಿ, ವಿರೋಧ ಪಕ್ಷದ ಯುವನಾಯಕರೂ ಆಗಿದ್ದ ಶಿಕ್ಷಕರೊಬ್ಬರನ್ನು ತರಗತಿಯಲ್ಲಿ ಮಕ್ಕಳ ಕಣ್ಣೆದುರೇ ಕಡಿದು ಕೊಂದರು. ಕಣ್ಣೂರಿನ ರಾಜಕೀಯ ಕೊಲೆಗಳ ಸರಣಿಯನ್ನು ಅವರ ಸರ್ಕಾರ ನಿಲ್ಲಿಸಲಾಗಲಿಲ್ಲ. ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದ ಮಹಾಜನ್ ವರದಿಯೂ ಅವರ ಮೂರು ಅವಧಿಗಳಲ್ಲಿ ಇದ್ದಲ್ಲಿಯೇ ಉಳಿಯಿತು. ಕಾಸರಗೋಡಿನ ಕನ್ನಡಿಗರ ಆ ನೋವು ನಮ್ಮದೂ ಹೌದು.

2004ರ ಮೇ 19ರಂದು ನಾಯನಾರರು ದೆಹಲಿಯಲ್ಲಿ ನಿಧನರಾದರು. ಕಣ್ಣೂರಿನ ಪಯ್ಯಾಂಬಲಂ ಕಡಲತೀರದಲ್ಲಿ ಅಂತ್ಯಸಂಸ್ಕಾರ ನಡೆಯಿತು. ಒಟ್ಟು ಸುಮಾರು 11 ವರ್ಷ ಆಳಿದ ಅವರು ಮೂರು ಬಾರಿ ಪದವಿಗೇರಿ ಮೂರು ಬಾರಿಯೂ ಇಳಿದರು.

ಸೆರೆಮನೆ ಕಂಡವರೆಲ್ಲ ನ್ಯಾಯವಂತ ಆಡಳಿತಗಾರರಾಗುತ್ತಾರೆಂಬ ನಂಬಿಕೆ ನಮ್ಮಲ್ಲಿದೆ. ಚರಿತ್ರೆ ಅದನ್ನು ಒಪ್ಪುವುದಿಲ್ಲ. ಕಷ್ಟ ಕಂಡ ಇಬ್ಬರು ಒಂದೇ ಬಣ್ಣದ ಬಾವುಟ ಹಿಡಿದು ಅಧಿಕಾರಕ್ಕೆ ಬಂದರು. ಒಬ್ಬರನ್ನು ಇಳಿಸುವ ಹಕ್ಕು ಜನರಿಗಿತ್ತು, ಇನ್ನೊಬ್ಬರನ್ನು ಇಳಿಸುವ ಹಕ್ಕು ಇರಲಿಲ್ಲ. ಮುಂದಿನ ಚುನಾವಣೆಯ ದಿನ ರಜೆ ಸಿಕ್ಕಿತೆಂದು ಊರಿಗೆ ಹೊರಡುವ ಮುನ್ನ ನನ್ನ ವಿದ್ಯಾರ್ಥಿಗಳು ಈ ಮಾತನ್ನು ನೆನೆಯಲಿ. ‘ಚಿರಸ್ಮರಣೆ’ ಓದದಿದ್ದವರು ಒಮ್ಮೆ ಓದಿರಿ.