ಗಾಳದ ಕೋಲಿನ ತುದಿ ದುರಸ್ತಿ

ರೀಲು ಹಾಕಿ ಮೀನು ಹಿಡಿಯುವ ಗಾಳದ ಕೋಲಿನ ಮುರಿದ ತುದಿಯನ್ನು ಸರಿಪಡಿಸಿ, ದಾರ ಹಾಯುವ ಕೊನೆಯ ಉಂಗುರವನ್ನು ಮತ್ತೆ ಕೂರಿಸುವ ಕೆಲಸ. ಕೋಲು ಬುಡದಿಂದ ತುದಿಗೆ ಬರುತ್ತ ಸಪೂರವಾಗುತ್ತದೆ. ಸಾಧಾರಣ ಕೋಲುಗಳ ತುದಿ 2 ಮಿ.ಮೀ. ಆಸುಪಾಸು ದಪ್ಪವಿರುತ್ತದೆ. ಮೀನು ಎರೆಗೆ ಬಾಯಿ ತಾಗಿಸಿದ್ದು ಕೈಗೆ ತಿಳಿಯುವುದು ಈ ಸಪೂರ ಭಾಗದಿಂದಲೇ. ಮೊದಲು ಮುರಿಯುವುದೂ ಇದೇ.

ತುದಿ ಮುರಿಯಲು ದೊಡ್ಡ ಮೀನೇ ಬೇಕೆಂದಿಲ್ಲ. ಕಾರಿನ ಬಾಗಿಲು, ಚಾವಣಿಯ ಫ್ಯಾನು, ದೋಣಿಯಲ್ಲಿ ಅಡ್ಡಬಿದ್ದ ಕೋಲಿನ ಮೇಲೆ ಇಟ್ಟ ಕಾಲು ಇವೆಲ್ಲ ಸಾಮಾನ್ಯ ಕಾರಣಗಳು. ದಾರವನ್ನು ಅತಿಯಾಗಿ ಸುತ್ತಿ ಸೀಸದ ಗುಂಡನ್ನು ಉಂಗುರಕ್ಕೆ ಬಡಿಸುವುದು ಇನ್ನೊಂದು. ಮೀನು ದಡದ ಹತ್ತಿರ ಬಂದಾಗ ಕೋಲನ್ನು ನೆಟ್ಟಗೆ ಎತ್ತಿ ತಲೆಯ ಹಿಂದಕ್ಕೆ ಒಯ್ದರೆ ಭಾರವನ್ನು ಬುಡ ಹೊರುವುದಿಲ್ಲ, ಬಾಗುವಿಕೆಯೆಲ್ಲ ತುದಿಯಲ್ಲೇ ಸೇರಿಕೊಳ್ಳುತ್ತದೆ. ಕಾರ್ಬನ್ ನಾರಿನ ಕೋಲು ಹಗುರ, ಬಿರುಸು. ಆದರೆ ಅಡ್ಡ ಏಟು ತಾಳದು. ಒಮ್ಮೆ ಬಿದ್ದ ಸಣ್ಣ ಗೀರು ಕಣ್ಣಿಗೆ ಕಾಣದೆ ಉಳಿದು, ಎಷ್ಟೋ ದಿನಗಳ ಮೇಲೆ ಸಾಧಾರಣ ಎಳೆತಕ್ಕೇ ಅಲ್ಲಿ ಮುರಿಯಬಹುದು. ಗಾಜಿನ ನಾರಿನ ಕೋಲು ಹೆಚ್ಚು ಬಾಗಿ ಹೆಚ್ಚು ಸಹಿಸುತ್ತದೆ.

ದುರಸ್ತಿಯ ಬಗೆಯನ್ನು ನಿರ್ಧರಿಸುವುದು ಮುರಿದ ಜಾಗ. ತುದಿಯಿಂದ ನಾಲ್ಕಾರು ಇಂಚಿನೊಳಗೆ ಮುರಿದಿದ್ದರೆ ಸೀಳಿದ ಭಾಗವನ್ನು ಕತ್ತರಿಸಿ ಹೊಸ ಉಂಗುರ ಹಾಕುವುದೇ ಸರಿಯಾದ ದಾರಿ. ಇಕ್ಕಳದಿಂದ ಕತ್ತರಿಸಲೇಬಾರದು: ಟೊಳ್ಳು ಕೊಳವೆ ಅಪ್ಪಚ್ಚಿಯಾಗಿ ನಾರುಗಳು ಉದ್ದಕ್ಕೂ ಸೀಳುತ್ತವೆ. ಗುರುತಿನ ಜಾಗಕ್ಕೆ ಬಿಗಿಯಾಗಿ ಟೇಪು ಸುತ್ತಿ, ಕೋಲನ್ನು ತಿರುಗಿಸುತ್ತ ನುಣುಪು ಅರದಿಂದ ಸುತ್ತಲೂ ಕೊರೆದು ಬೇರ್ಪಡಿಸಬೇಕು. ನಾರಿನ ಧೂಳು ಚರ್ಮಕ್ಕೂ ಶ್ವಾಸಕ್ಕೂ ಒಳ್ಳೆಯದಲ್ಲ. ಮುಖಗವುಸು ಹಾಕಿಕೊಂಡು, ಮರಳು ಕಾಗದವನ್ನು ಒದ್ದೆ ಮಾಡಿ ಉಜ್ಜಬೇಕು. ಕೋಲು ಗಿಡ್ಡವಾದಷ್ಟೂ ಕತ್ತರಿಸಿದ ಜಾಗ ದಪ್ಪವಾಗುವುದರಿಂದ ಹಳೆಯ ಉಂಗುರ ಹಿಡಿಸುವುದಿಲ್ಲ. ಉಂಗುರದ ಕೊಳವೆಯ ಒಳವ್ಯಾಸವನ್ನು ಇಂಚಿನ 64ನೇ ಒಂದು ಭಾಗದ ಲೆಕ್ಕದಲ್ಲಿ ಹೇಳುವ ರೂಢಿಯಿದೆ: 5ನೇ ಅಳತೆಯೆಂದರೆ 5/64 ಇಂಚು, ಸುಮಾರು 2 ಮಿ.ಮೀ.; 6ನೆಯದು ಸುಮಾರು 2.4 ಮಿ.ಮೀ. ಉಂಗುರ ಬಲವಂತವಿಲ್ಲದೆ ಪೂರ್ತಿ ಒಳಗಿಳಿಯಬೇಕು, ಅಲುಗಾಡಬಾರದು.

ಅಂಟಿನ ಆಯ್ಕೆಯಲ್ಲಿ ಹಲವರು ಎಡವುತ್ತಾರೆ. ಬಲವಾದದ್ದು ಬೇಕೆಂದು ಎಪಾಕ್ಸಿಯನ್ನೋ ಕ್ಷಣಾರ್ಧದಲ್ಲಿ ಹಿಡಿಯುವ ಅಂಟನ್ನೋ ಹಾಕಿದರೆ ಮುಂದೆ ಆ ಉಂಗುರ ಬಿಡಿಸುವುದು ಕಷ್ಟ. ತುದಿಯ ಉಂಗುರ ಮತ್ತೆ ಹಾಳಾಗುವಂಥದ್ದು, ಆದ್ದರಿಂದ ಬಿಸಿಗೆ ಕರಗುವ ಕಡ್ಡಿ ಅಂಟೇ ಉತ್ತಮ. ಕಡ್ಡಿಯನ್ನು ಲೈಟರಿನಲ್ಲಿ ಕರಗಿಸಿ ಕೋಲಿನ ತುದಿಗೆ ಸವರಿ, ಉಂಗುರವನ್ನು ಇಕ್ಕಳದಲ್ಲಿ ಹಿಡಿದು ಅದರ ಕೊಳವೆಯನ್ನು ತುಸು ಬೆಚ್ಚಗೆ ಮಾಡಿ ತೊಡಿಸಬೇಕು. ಕೋಲಿಗೆ ಮಾತ್ರ ಜ್ವಾಲೆ ತಾಗಬಾರದು. ನಾರುಗಳನ್ನು ಹಿಡಿದಿಟ್ಟ ರಾಳ ಸುಟ್ಟು ದುರ್ಬಲವಾಗುತ್ತದೆ. ಅಂಟು ಆರುವ ಮೊದಲೇ ಬುಡದಿಂದ ಒಂದು ಕಣ್ಣು ಮುಚ್ಚಿ ನೋಡಿ, ಉಳಿದ ಉಂಗುರಗಳ ಸಾಲಿಗೆ ಹೊಸದನ್ನು ತಿರುಗಿಸಿ ಕೂರಿಸಬೇಕು.

ಹೀಗೆ ಗಿಡ್ಡವಾದ ಕೋಲು ಮೊದಲಿಗಿಂತ ಬಿರುಸಾಗುತ್ತದೆ, ಹಗುರ ಎರೆಯನ್ನು ದೂರ ಎಸೆಯುವ ಗುಣ ಸ್ವಲ್ಪ ಕುಂದುತ್ತದೆ. ಭಾರದ ಗುಂಡು ಬಳಸುವವರಿಗೆ ಇದರಿಂದ ಹೆಚ್ಚು ತೊಂದರೆಯಿಲ್ಲ. ಮುಂದಿನ ಉಂಗುರ ತೀರ ಹತ್ತಿರ ಬಂದಿದ್ದರೆ ಅದನ್ನು ಬಿಚ್ಚಿ ಹಿಂದಕ್ಕೆ ಕಟ್ಟಬೇಕು.

ತುಂಬ ಕೆಳಗೆ ಮುರಿದಾಗ ಕತ್ತರಿಸಿದರೆ ಕೋಲು ಕೋಲಾಗಿ ಉಳಿಯುವುದಿಲ್ಲ. ಆಗ ಹಳೆಯ ಕೋಲೊಂದರ ಹೊಂದುವ ತುಂಡನ್ನು ಎರಡೂ ಭಾಗಗಳ ಒಳಗೆ ಎಪಾಕ್ಸಿಯಲ್ಲಿ ಕೂರಿಸಿ, ಬೇಕಿದ್ದರೆ ಹೊರಗೆ ಕೊಳವೆಯೊಂದನ್ನು ತೊಡಿಸಿ, ಮೇಲೆ ನೂಲು ಒತ್ತೊತ್ತಾಗಿ ಸುತ್ತಿ ಲೇಪ ಕೊಡುತ್ತಾರೆ. ಜೋಡಿಸಿದ ಜಾಗ ಬಾಗುವುದಿಲ್ಲ. ಬಾಗುವುದು ಅದರ ಎರಡು ಅಂಚುಗಳಲ್ಲಿ, ಮುಂದೆ ಮುರಿಯುವ ಸಾಧ್ಯತೆಯೂ ಅಲ್ಲಿಯೇ. ಆದ್ದರಿಂದ ಒಳತುಂಡಿನ ತುದಿಗಳನ್ನು ಚೂಪಾಗಿಸುವುದು ಲೇಸು. ಒಳಗೊಳಗೆ ಜಾರುವ ಮಡಿಕೆಯ ಕೋಲಿಗೆ ಈ ಶ್ರಮ ಬೇಡ: ಉಂಗುರ ಬಿಡಿಸಿ, ಬುಡದ ಮುಚ್ಚಳ ತಿರುಪಿ ತೆಗೆದು, ಮುರಿದ ಹಂತವನ್ನು ಹಿಂದಿನಿಂದ ಹೊರತೆಗೆದು ಬೇರೆ ಹಾಕಬಹುದು.

ತುದಿಯ ಈ ದೌರ್ಬಲ್ಯ ಹಳೆಯ ಕಾಲದ ಕಸುಬುದಾರರಿಗೂ ಗೊತ್ತಿತ್ತು. ಚೀನಾದ ಟೊಂಕಿನ್ ಬಿದಿರನ್ನು ಸೀಳಿ, ಆರು ಪಟ್ಟಿಗಳನ್ನು ಷಟ್ಕೋನವಾಗಿ ಅಂಟಿಸಿ ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಮಾಡುತ್ತಿದ್ದ ಬೆಲೆಬಾಳುವ ಕೋಲುಗಳನ್ನು ಎಷ್ಟೋ ಬಾರಿ ಎರಡು ತುದಿಗಳೊಂದಿಗೇ ಮಾರುತ್ತಿದ್ದರು. ಆ ಬಿದಿರಿನ ತುದಿ ಮುರಿದರೆ ಎರಡೂ ಕಡೆ ಓರೆಯಾಗಿ ಸವೆಸಿ, ಅಂಟಿಸಿ, ರೇಷ್ಮೆ ನೂಲು ಸುತ್ತುವುದು ಕ್ರಮ. ನಮ್ಮ ಕೆರೆ, ಹಳ್ಳಗಳ ದಡದಲ್ಲಿ ದಾರವನ್ನು ತುದಿಗೇ ಕಟ್ಟಿ ಬಳಸುವ ಇಡೀ ಬಿದಿರ ಕೋಲಿಗೆ ಉಂಗುರವೂ ಇಲ್ಲ. ಮುರಿದರೆ ಹಿಂದಿನ ಗೆಣ್ಣಿಗೆ ದಾರ ಕಟ್ಟಿದರಾಯಿತು.

ಕೋಲು ಸರಿಯಿದ್ದು ಉಂಗುರದೊಳಗಿನ ಪಿಂಗಾಣಿ ಬಳೆ ಮಾತ್ರ ಬಿರುಕು ಬಿಟ್ಟಿರುವುದೂ ಉಂಟು. ಹತ್ತಿಯನ್ನು ಅದರೊಳಗೆ ತಿರುಗಿಸಿದರೆ ಎಳೆ ಸಿಕ್ಕಿಕೊಂಡು ಬಿರುಕು ಗೊತ್ತಾಗುತ್ತದೆ. ಅಂಥ ಉಂಗುರವನ್ನು ಬೆಚ್ಚಗೆ ಮಾಡಿ ಕಳಚಿ ಅದೇ ಅಳತೆಯದನ್ನು ಹಾಕಬೇಕು, ಜೊತೆಗೆ ಅದರಲ್ಲಿ ಉಜ್ಜಿ ಸವೆದ ದಾರದ ಮುಂಭಾಗವನ್ನೂ ಕತ್ತರಿಸಿ ಎಸೆಯಬೇಕು.