ಒಮ್ಮೆ ಬರೆದರೆ ಅಳಿಸಲಾಗದ ತಟ್ಟೆ



ನಿಮ್ಮ ಮದುವೆ, ಗೃಹಪ್ರವೇಶಗಳ ಚಿತ್ರಗಳನ್ನು ಹೊತ್ತ ಸಿ.ಡಿ.ಗಳ ಹಿಂದೆ ಒಂದು ಸ್ವಾರಸ್ಯಕರ ಇತಿಹಾಸವಿದೆ.

1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದದ್ದು ಸಂಗೀತಕ್ಕಾಗಿ. ಮುಂದೆ ಅದರಲ್ಲಿ ಗಣಕಯಂತ್ರದ ಕಡತಗಳನ್ನು ತುಂಬತೊಡಗಿದಾಗ ತೊಡಕು ಎದುರಾಯಿತು. ಕಡತಗಳನ್ನು ಜೋಡಿಸುವ ಕ್ರಮ ಒಂದೊಂದು ಕಂಪನಿಗೆ ಒಂದೊಂದು ಬಗೆ. 1985ರ ನವೆಂಬರಿನಲ್ಲಿ ಅಮೆರಿಕದ ಟಾಹೋ ಸರೋವರದ ಬಳಿಯ ಹೈ ಸಿಯೆರಾ ಹೋಟೆಲಿನಲ್ಲಿ ಫಿಲಿಪ್ಸ್, ಸೋನಿ, ಆಪಲ್, ಮೈಕ್ರೋಸಾಫ್ಟ್ ಮೊದಲಾದ ಕಂಪನಿಗಳವರು ಒಟ್ಟಿಗೆ ಕುಳಿತರು. ಅವರ ಕರಡೇ ಪರಿಷ್ಕಾರಗೊಂಡು 1988ರಲ್ಲಿ ಐ.ಎಸ್.ಒ. 9660 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಕೆಲವು ಯಂತ್ರಗಳು ಸಂಖ್ಯೆಯನ್ನು ಹಿಂದಿನಿಂದಲೂ ಕೆಲವು ಮುಂದಿನಿಂದಲೂ ಓದುತ್ತಿದ್ದುದರಿಂದ, ಮುಖ್ಯ ಸಂಖ್ಯೆಗಳನ್ನು ಎರಡೂ ಕ್ರಮಗಳಲ್ಲಿ ಬರೆಯುವ ಉದಾರ ಸಂಧಾನ ಅದರಲ್ಲಿತ್ತು.

ಆ ವ್ಯವಸ್ಥೆ ಕಾರ್ಖಾನೆಯಲ್ಲಿ ಅಚ್ಚಾದ ತಟ್ಟೆಗಳಿಗೆ ಹೇಳಿಮಾಡಿಸಿದ್ದು. ಮನೆಯಲ್ಲೇ ಬರೆಯಬಲ್ಲ ಸಿ.ಡಿ.-ಆರ್ ಬಂದಾಗ ಪ್ರಶ್ನೆ ಬದಲಾಯಿತು. ಲೇಸರ್ ಕಿರಣವು ತಟ್ಟೆಯ ಬಣ್ಣದ ಪದರವನ್ನು ಸುಟ್ಟರೆ ಆ ಗುರುತು ಶಾಶ್ವತ. ಹೀಗಿರುವಾಗ ಮತ್ತೆ ಕಡತ ಸೇರಿಸುವುದೆಂತು? ಹಳೆಯ ಪರಿವಿಡಿಯನ್ನು ಹಾಗೇ ಬಿಟ್ಟು, ಹೊಸ ಕಡತಗಳೊಡನೆ ಹೊಸ ಪರಿವಿಡಿಯನ್ನೂ ಬರೆಯುವುದೇ ಉಪಾಯ. ಇದಕ್ಕೆ ಬಹುಸೆಷನ್ ಎಂದು ಹೆಸರು. ಆದರೆ ಎರಡನೆಯ ಸೆಷನ್ನಿನಿಂದ ಮುಂದಕ್ಕೆ, ಒಂದು ಪುಟ್ಟ ಪತ್ರ ಸೇರಿಸಿದರೂ ಗಡಿಗುರುತುಗಳಿಗೇ ಸುಮಾರು 13 ಎಂ.ಬಿ. ವ್ಯಯವಾಗುತ್ತಿತ್ತು.

1997ರ ಯು.ಡಿ.ಎಫ್. 1.50 ಆವೃತ್ತಿ ಈ ದುಂದನ್ನು ತಗ್ಗಿಸಿತು. ಕಡತದ ವಿವರಗಳಿಗೆ ಒಂದು ಕ್ರಮಸಂಖ್ಯೆ. ಅವು ತಟ್ಟೆಯಲ್ಲಿ ನಿಜವಾಗಿ ಎಲ್ಲಿವೆಯೆಂದು ತಿಳಿಸಲು ಒಂದು ಕೋಷ್ಟಕ. ತಿದ್ದುಪಡಿಯಾದರೆ ಹೊಸ ವಿವರಗಳನ್ನು ಬೇರೆಡೆ ಬರೆದು, ಕೊನೆಯಲ್ಲಿ ಹೊಸ ಕೋಷ್ಟಕವನ್ನು ಸೇರಿಸುತ್ತಾರೆ. ಓದುವ ಯಂತ್ರ ಮೊದಲು ಹುಡುಕುವುದು ಆ ಕೊನೆಯ ಕೋಷ್ಟಕವನ್ನೇ.

ಶಾಲೆಯ ಹಾಜರಿ ಪುಸ್ತಕದಲ್ಲಿ ತಪ್ಪನ್ನು ಉಜ್ಜಿ ಅಳಿಸುವಂತಿಲ್ಲ. ಗೆರೆ ಎಳೆದು, ಸರಿಯಾದುದನ್ನು ಬರೆದು, ಸಹಿ ಹಾಕಬೇಕು. ಈ ತಟ್ಟೆಯ ನೀತಿಯೂ ಅದೇ. 'ಅಳಿಸಿದ' ಕಡತ ಪರಿವಿಡಿಯಿಂದ ಮಾತ್ರ ಮರೆಯಾಗುತ್ತದೆ, ತಟ್ಟೆಯಲ್ಲಿ ಉಳಿದೇ ಇರುತ್ತದೆ.

ಇದರಿಂದ ಒಂದು ಭರವಸೆ, ಒಂದು ಎಚ್ಚರಿಕೆ. ಕಾಣದ ಚಿತ್ರಗಳು ಹಿಂದಿನ ಸೆಷನ್ನಿನಲ್ಲಿ ಇದ್ದಾವು, ಬಲ್ಲವರಿಂದ ಹುಡುಕಿಸಿರಿ. ಖಾಸಗಿ ದಾಖಲೆಗಳಿದ್ದ ತಟ್ಟೆಯನ್ನಾದರೋ ಮುರಿಯದೆ ಎಸೆಯಬೇಡಿರಿ. ಬಣ್ಣದ ಪದರವೂ ಕಾಲಕ್ರಮದಲ್ಲಿ ಕೆಡುತ್ತದೆ, ಸಿ.ಡಿ. ಓದುವ ಯಂತ್ರಗಳೂ ಅಪರೂಪವಾಗುತ್ತಿವೆ. ಬೇಕಾದುದನ್ನು ಈಗಲೇ ಪ್ರತಿಮಾಡಿಕೊಳ್ಳಿರಿ.